ಕಪಾಟೂ ತುಂಬಿತ್ತು, ಮೇಜೂ ತುಂಬಿತ್ತು: ಒಂದು ಮನೆಯ ಪ್ರಕರಣ

ಐದು ಜನರ ಮನೆ. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. 11 ವರ್ಷದ ಮಗಳು, 6 ವರ್ಷದ ಮಗ, ಜೊತೆಗೆ ಗಂಡನ ತಾಯಿ. ಎರಡು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ, ಚಿಕ್ಕ ಬಾಲ್ಕನಿ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಹಾಲ್‌ನಲ್ಲಿ ಇನ್ನೊಂದು ಕಪಾಟು ಮಾಡಿಸಬೇಕು ಅಂದುಕೊಂಡಿದ್ದೇವೆ, ಎಷ್ಟು ದೊಡ್ಡದು ಮಾಡಿಸಿದರೆ ಸಾಲುತ್ತದೆ?

ಉತ್ತರ ಹೇಳುವ ಮೊದಲು ಇರುವ ಕಪಾಟುಗಳ ಬಾಗಿಲು ತೆಗೆದು ನೋಡಿದೆವು. ಮೂರು ಕಪಾಟು, ಮಂಚದ ಕೆಳಗೆ ಎರಡು ಡ್ರಾಯರ್, ಅಡುಗೆಮನೆಯ ಮೇಲೆ ಅಟ್ಟ. ಎಲ್ಲವೂ ಭರ್ತಿ. ಆದರೆ ಅಲ್ಲಿ ತುಂಬಿದ್ದಾದರೂ ಏನು? ಕೆಟ್ಟುನಿಂತ ಫ್ಯಾನು, ಮಗನ ತೊಟ್ಟಿಲ ದಿನಗಳ ಬಟ್ಟೆ, ಎಂದೋ ಕೈಬಿಟ್ಟುಹೋದ ಫೋನುಗಳ ಖಾಲಿ ಡಬ್ಬ, ಯಾರೋ ಕೊಟ್ಟ ಬಿಚ್ಚದ ಉಡುಗೊರೆ, ಗಂಡನ ಕಾಲೇಜಿನ ನೋಟ್ಸು. ದಿನಾ ಕೈಗೆ ಬೇಕಾದ ಬೀಗದ ಕೈ, ಚಾರ್ಜರ್, ಶಾಲೆಯ ಪುಸ್ತಕ, ಮಾತ್ರೆ, ಕತ್ತರಿ, ಬಿಲ್ಲು ಇವೆಲ್ಲ ಊಟದ ಮೇಜು, ಸೋಫಾದ ತೋಳು, ಫ್ರಿಜ್‌ನ ನೆತ್ತಿಯ ಮೇಲೆ. ವರ್ಷಕ್ಕೊಮ್ಮೆಯೂ ಮುಟ್ಟದ ಸಾಮಾನಿಗೆ ಬಾಗಿಲಿರುವ ಒಳ್ಳೆ ಜಾಗ. ದಿನಕ್ಕೆ ನಾಲ್ಕು ಸಲ ಮುಟ್ಟುವ ಸಾಮಾನಿಗೆ ನೆಲೆಯೇ ಇಲ್ಲ. ಹೊಸ ಕಪಾಟು ಬಂದಿದ್ದರೆ ಅದೂ ಹೀಗೇ ತುಂಬುತ್ತಿತ್ತು.

ಇದು ಈ ಮನೆಗೊಂದಕ್ಕೇ ಬಂದ ಪಾಡಲ್ಲ. 2001ರಿಂದ 2005ರವರೆಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಗಂಡ ಹೆಂಡತಿ ಇಬ್ಬರೂ ದುಡಿಯುವ 32 ಕುಟುಂಬಗಳ ಮನೆಯೊಳಗೆ ಹೋಗಿ ಅಲ್ಲಿದ್ದ ಸಾಮಾನನ್ನು ಫೋಟೊ ತೆಗೆದು ದಾಖಲಿಸಿದರು. ಹೆಚ್ಚಿನ ಮನೆಗಳಲ್ಲಿ ಗ್ಯಾರೇಜಿನ ತುಂಬ ಸಾಮಾನು, ಕಾರು ಹೊರಗೆ. ಇದೇ ಕುಟುಂಬಗಳ ಬಗ್ಗೆ 2010ರಲ್ಲಿ ಇನ್ನೊಂದು ಅಧ್ಯಯನ ಬಂತು. ತಮ್ಮ ಮನೆಯ ಬಗ್ಗೆ ಮಾತಾಡುವಾಗ ಗಜಿಬಿಜಿ, ಮುಗಿಯದ ಕೆಲಸ ಅನ್ನುವಂಥ ಮಾತು ಜಾಸ್ತಿ ಬಳಸಿದ ಹೆಂಡತಿಯರಲ್ಲಿ, ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸೋಲ್ ಹಾರ್ಮೋನು ಹೊತ್ತು ಕಳೆದಂತೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಸಾಮಾನಿನಿಂದಲೇ ಹೀಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ, ಎರಡೂ ಒಟ್ಟಿಗೆ ಕಂಡವು ಅಷ್ಟೇ. ನಮ್ಮ ಈ ಮನೆಯಲ್ಲೂ ಹೆಂಡತಿ "ಬಾಗಿಲು ತೆಗೆದ ಕೂಡಲೇ ತಲೆ ಭಾರ ಆಗುತ್ತೆ" ಅಂದರು. ಗಂಡ "ನನಗೇನೂ ಅನ್ನಿಸಲ್ಲಪ್ಪ" ಅಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಜಗಳ ಹುಟ್ಟುತ್ತಿದ್ದದ್ದೂ ಅಲ್ಲೇ.

ಹಿಂದೆ ಮಾಡಿ ಸೋತದ್ದು

ಮೊದಲ ಸಲ ಒಂದು ರಜೆಯ ದಿನ ಎಲ್ಲ ಕಪಾಟು ಖಾಲಿ ಮಾಡಿ ಮಂಚದ ಮೇಲೆ ಸುರಿದಿದ್ದರು. ಮಧ್ಯಾಹ್ನದ ತನಕ ಭಾರೀ ಹುರುಪು. ಆಮೇಲೆ ಹಳೇ ಫೋಟೊ ಆಲ್ಬಮ್ ಸಿಕ್ಕಿತು. ಸಂಜೆ ಅದರಲ್ಲೇ ಹೋಯಿತು. ರಾತ್ರಿ ಮಲಗಲು ಮಂಚ ಬೇಕಲ್ಲ, ಉಳಿದದ್ದನ್ನು ಹಾಗೇ ಒಳಗೆ ತಳ್ಳಿ ಬಾಗಿಲು ಒತ್ತಿ ಹಾಕಿದರು.

ಎರಡನೇ ಸಲ ಡಬ್ಬಗಳು ಬಂದವು. ಒಂದೇ ಅಳತೆ, ಗಟ್ಟಿ ಮುಚ್ಚಳ, ಅಂದವಾದ ಲೇಬಲ್. ನೋಡಲು ಚೆಂದವೇ ಇತ್ತು. ಆದರೆ ಕತ್ತರಿ ಬೇಕಾದಾಗ ಮೇಲಿನ ಎರಡು ಡಬ್ಬ ಇಳಿಸಿ ಮೂರನೆಯದರ ಮುಚ್ಚಳ ಬಿಚ್ಚಬೇಕು. ಬೇಕಾದಾಗ ಬಿಚ್ಚುತ್ತಾರೆ, ಕೆಲಸ ಆಗಬೇಕಲ್ಲ. ಬಳಸಿದ ಮೇಲೆ ಮತ್ತೆ ಇಳಿಸಿ, ಬಿಚ್ಚಿ, ಒಳಗಿಡುವವರು ಯಾರು? ಕತ್ತರಿ ಮೇಜಿನ ಮೇಲೇ ಉಳಿಯಿತು. ಡಬ್ಬಗಳು ಹೊಸ ಸಾಮಾನಾಗಿ ಜಾಗ ಹಿಡಿದವು. ಮೂಗಿಗಿಂತ ಮೂಗುತಿ ಭಾರ ಆಯಿತು.

"ನಮಗೆ ಶಿಸ್ತಿಲ್ಲ, ಅಷ್ಟೇ" ಅಂತ ಮನೆಯವರು ತಮ್ಮನ್ನೇ ಬೈದುಕೊಂಡರು. ನಾನು ಒಪ್ಪಲಿಲ್ಲ. ಒಂದಿಡೀ ರಜೆ ಕಳೆದುಕೊಂಡು ಬೆವರು ಸುರಿಸಿದವರು ಸೋಮಾರಿಗಳಾಗಲು ಹೇಗೆ ಸಾಧ್ಯ? ಎರಡೂ ಸಲ ಅವರು ರಾಶಿಯನ್ನು ಓರಣ ಮಾಡಿದರು. ರಾಶಿ ಬೀಳುವ ದಾರಿಗೆ ಕೈ ಹಾಕಲಿಲ್ಲ.

ಒಂದು ವಾರ ಏನೂ ಎತ್ತಿಡಬೇಡಿ

ಇದು ಅವರಿಗೆ ವಿಚಿತ್ರ ಅನ್ನಿಸಿತು. ಒಂದು ವಾರ ಊಟದ ಮೇಜನ್ನು ಊಟಕ್ಕೆ ಬೇಕಾದಷ್ಟು ಮಾತ್ರ ಸರಿಸಿ, ಉಳಿದದ್ದನ್ನು ಹಾಗೇ ಬಿಡುವುದು. ದಿನಾ ರಾತ್ರಿ ಒಂದು ಫೋಟೊ. ಮಗಳು ಈ ಕೆಲಸ ವಹಿಸಿಕೊಂಡಳು, ಬಹಳ ನಿಷ್ಠೆಯಿಂದ ಮಾಡಿದಳು.

ವಾರದ ಕೊನೆಗೆ ಫೋಟೊಗಳನ್ನು ಸಾಲಾಗಿ ನೋಡಿದಾಗ, ಯಾವ ವಸ್ತು ಅನ್ನುವುದಕ್ಕಿಂತ ಯಾಕೆ ಅಲ್ಲಿ ನಿಂತಿತು ಅಂತ ಕೇಳಿದೆವು. ಒಂದೊಂದೇ ವಸ್ತುವಿಗೆ ಅದೇ ಪ್ರಶ್ನೆ. ಕೆಲವಕ್ಕೆ ಮನೆಯಲ್ಲಿ ಜಾಗವೇ ಗೊತ್ತಾಗಿರಲಿಲ್ಲ. ಬೀಗದ ಕೈ ಎಲ್ಲಿಡಬೇಕು ಅಂತ ಕೇಳಿದರೆ ಮೂವರು ಮೂರು ಉತ್ತರ ಕೊಟ್ಟರು. ಕೆಲವಕ್ಕೆ ಜಾಗ ಇತ್ತು, ಆದರೆ ಕಷ್ಟದ ಜಾಗ. ಕತ್ತರಿಯ ಕಥೆ ಆಗಲೇ ಹೇಳಿದೆ. ಇನ್ನು ಕೆಲವು ಯಾರದೋ ತೀರ್ಮಾನಕ್ಕೆ ಕಾಯುತ್ತಿದ್ದವು. ಸಹಿ ಹಾಕಬೇಕಾದ ಶಾಲೆಯ ಪತ್ರ, ಅಳತೆ ಸರಿಯಿಲ್ಲದೆ ವಾಪಸ್ ಕಳಿಸಬೇಕಾದ ಶೂ, ರಿಪೇರಿ ಮಾಡಿಸೋಣವೇ ಬೇಡವೇ ಅಂತ ಗೊತ್ತಾಗದ ಟೇಬಲ್ ಲ್ಯಾಂಪು.

ನಿಜ ಹೇಳಬೇಕೆಂದರೆ ಕಸ ಅನ್ನುವಂಥದ್ದು ಮೇಜಿನ ಮೇಲೆ ತೀರಾ ಕಡಿಮೆ ಇತ್ತು. ಕಸವಾಗಿದ್ದರೆ ಯಾವತ್ತೋ ಎಸೆದಿರುತ್ತಿದ್ದರು. ಅಲ್ಲಿದ್ದದ್ದು ಹೆಚ್ಚಾಗಿ ಅರ್ಧಕ್ಕೆ ನಿಂತ ಕೆಲಸಗಳು. ಇದು ತಿಳಿದ ಮೇಲೆ ದಾರಿ ಸಲೀಸಾಯಿತು. ಜಾಗ ಇಲ್ಲದ್ದಕ್ಕೆ ಜಾಗ ಕೊಡಬೇಕು, ಕಷ್ಟದ ಜಾಗವನ್ನು ಸುಲಭ ಮಾಡಬೇಕು, ಕಾಯುವ ಸಾಮಾನಿಗೆ ಕಾಯುವುದಕ್ಕೇ ಒಂದು ಜಾಗ ಮತ್ತು ಒಂದು ಗಡುವು ಬೇಕು.

ಆ ಕುರ್ಚಿ

ಎಲ್ಲ ಮನೆಯಲ್ಲೂ ಒಂದು ಇರುತ್ತದೆ, ಅಲ್ವಾ? ಯಾರೂ ಕೂರದ ಕುರ್ಚಿ. ಈ ಮನೆಯಲ್ಲಿ ಅದು ದಂಪತಿಯ ಕೋಣೆಯ ಮೂಲೆಯಲ್ಲಿತ್ತು. ಬಟ್ಟೆ ರಾಶಿಯ ಕೆಳಗೆ ಅದರ ಬಣ್ಣವೇ ಕಾಣುತ್ತಿರಲಿಲ್ಲ.

ಇದನ್ನು ಬಿಡಿಸಿ ನೋಡುವುದಕ್ಕೆ ಸ್ವಲ್ಪ ಹೊತ್ತು ಕೊಟ್ಟೆವು, ಅದು ಸಾರ್ಥಕವೂ ಆಯಿತು. ಒಗೆದ ಬಟ್ಟೆಗೆ ಕಪಾಟು ಇದೆ. ಕೊಳೆ ಬಟ್ಟೆಗೆ ಬುಟ್ಟಿ ಇದೆ. ಒಮ್ಮೆ ಎರಡು ಗಂಟೆ ಹಾಕಿ ತೆಗೆದ, ಇನ್ನೊಂದು ದಿನ ಹಾಕಬಹುದಾದ ಬಟ್ಟೆಗೆ? ಅದನ್ನು ಒಗೆದ ಬಟ್ಟೆಯ ಜೊತೆ ಇಡಲು ಮನಸ್ಸು ಬರುವುದಿಲ್ಲ. ಬುಟ್ಟಿಗೆ ಹಾಕಿದರೆ ಸುಮ್ನೆ ಒಗೆಯುವ ಕೆಲಸ ಜಾಸ್ತಿ. ಹಾಗಾಗಿ ಕುರ್ಚಿ. ಮನೆಯವರು ಕುರ್ಚಿಯನ್ನೇ ತೆಗೆದುಬಿಡೋಣ ಅಂದರು. ಹಿಂದೊಮ್ಮೆ ತೆಗೆದೂ ಇದ್ದರಂತೆ. ಬಟ್ಟೆ ಆಗ ಮಂಚದ ತುದಿಗೆ ಹೋಯಿತು, ಅಷ್ಟೇ.

ಕಪಾಟಿನ ಪಕ್ಕದ ಗೋಡೆಗೆ ಕೊಕ್ಕೆಗಳನ್ನು ಹೊಡೆದೆವು. ದೊಡ್ಡವರಿಗೆ ತಲಾ ಎರಡು, ಮಕ್ಕಳಿಗೆ ತಲಾ ಒಂದು, ಮಗನದು ಅವನ ಕೈಗೆ ಎಟುಕುವ ಎತ್ತರದಲ್ಲಿ. ಕೊಕ್ಕೆ ತುಂಬಿದ ಮೇಲೆ ಹೊಸದನ್ನು ನೇತುಹಾಕಬೇಕಾದರೆ ಹಳೆಯದೊಂದು ಬುಟ್ಟಿಗೆ ಹೋಗಬೇಕು. ಹ್ಯಾಂಗರ್ ಬೇಡ ಅಂದದ್ದು ಬೇಕಂತಲೇ. ಹ್ಯಾಂಗರಿಗೆ ಎರಡು ಕೈ ಬೇಕು, ಕೊಕ್ಕೆಗೆ ಒಂದೇ ಸಾಕು. ಸುಸ್ತಾಗಿ ಮನೆಗೆ ಬಂದವರು ಒಂದು ಕೈಯಲ್ಲಿ ಎಷ್ಟು ಮಾಡುತ್ತಾರೋ ಅಷ್ಟನ್ನೇ ನಂಬಬೇಕು.

ಅದೇ ಲೆಕ್ಕದಲ್ಲಿ ಮುಂಬಾಗಿಲ ಪಕ್ಕ ಬೀಗದ ಕೈಗೆ ಕೊಕ್ಕೆ, ಕೆಳಗೆ ಒಂದು ತೆರೆದ ತಟ್ಟೆ. ಜೇಬಿನಿಂದ ಬರುವುದೆಲ್ಲ ಅದಕ್ಕೆ. ಕತ್ತರಿ, ಟೇಪು, ಪೆನ್ನು ಮೇಜಿಗೆ ಹತ್ತಿರದ ಡ್ರಾಯರಿಗೆ ಬಂದವು. ಅಲ್ಲಿದ್ದ ವಾರಂಟಿ ಕಾಗದಗಳು ಮೇಲಿನ ಹಲಗೆಗೆ ಹೋದವು. ಸೊಂಟದಿಂದ ಕಣ್ಣಿನ ಎತ್ತರದವರೆಗಿನ ಜಾಗ ದಿನದ ಸಾಮಾನಿಗೆ, ಬಗ್ಗಬೇಕಾದ ಮತ್ತು ಸ್ಟೂಲ್ ಹತ್ತಬೇಕಾದ ಜಾಗ ಅಪರೂಪದ್ದಕ್ಕೆ. ಮುಚ್ಚಳದ ಡಬ್ಬಗಳ ಮುಚ್ಚಳ ಕಳಚಿಟ್ಟೆವು. ದೂಳು ಕೂರಬಾರದ ಸಾಮಾನಿಗೆ ಮಾತ್ರ ಮುಚ್ಚಳ ಉಳಿಯಿತು.

ಕಾಗದ

ಒಂದೇ ಟ್ರೇ. ಮನೆಗೆ ಬಂದ ಯಾವ ಕಾಗದವೂ ಮೊದಲು ಅದಕ್ಕೆ. ವಾರಕ್ಕೊಮ್ಮೆ, ರಜೆಯ ದಿನ ಬೆಳಿಗ್ಗೆ, ದಂಪತಿ ಇಬ್ಬರೂ ಕೂತು ಅದನ್ನು ಖಾಲಿ ಮಾಡುತ್ತಾರೆ. ಸಹಿ, ಪಾವತಿ ಮುಗಿಸುವುದು, ಉಳಿಸಬೇಕಾದದ್ದು ಫೈಲಿಗೆ, ಮಿಕ್ಕದ್ದು ರದ್ದಿಗೆ. ಮೂಲ ದಾಖಲೆಗಳಿಗೆ ಒಂದೇ ಫೈಲು, ಅದು ಎಲ್ಲಿದೆ ಅಂತ ದೊಡ್ಡವರೆಲ್ಲರಿಗೂ ಗೊತ್ತಿರಬೇಕು. ಖಾತೆ ಸಂಖ್ಯೆ, ವಿಳಾಸ ಇರುವ ಕಾಗದವನ್ನು ಹರಿದೇ ಎಸೆಯಬೇಕು. ಕಾಗದದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಉಪಾಯ ಏನೂ ಬೇಕಾಗಲಿಲ್ಲ.

ಯಾರ ಸಾಮಾನು, ಯಾರ ತೀರ್ಮಾನ

ಕೆಲಸ ನಿಜಕ್ಕೂ ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಒಂದೆರಡು ವರ್ಷದ ಹಿಂದೆ ಅತ್ತೆ ಮನೆಯಲ್ಲಿ ಇಲ್ಲದಾಗ ಸೊಸೆ ಅಟ್ಟದಿಂದ ಎರಡು ಚೀಲ ಸಾಮಾನು ಎಸೆದಿದ್ದರು. ಖಾಲಿ ಸೀಸೆ, ಹಗ್ಗದ ತುಂಡು, ತುಕ್ಕು ಹಿಡಿದ ತಗಡಿನ ಡಬ್ಬಿ. ಒಂದರೊಳಗೆ ಅತ್ತೆ ಜೋಪಾನ ಮಾಡಿದ್ದ ಹಳೇ ಗುಂಡಿಗಳೂ ಇದ್ದವು. ಯಾರೂ ಕೂಗಾಡಲಿಲ್ಲ. ಆದರೆ ಅಂದಿನಿಂದ ಅತ್ತೆ ಒಂದು ಪ್ಲಾಸ್ಟಿಕ್ ಚೀಲವನ್ನೂ ಎಸೆಯಲು ಬಿಡುತ್ತಿರಲಿಲ್ಲ. ಕದ್ದು ಎಸೆದರೆ ಜಾಗ ಸಿಗುತ್ತದೆ, ನಂಬಿಕೆ ಹೋಗುತ್ತದೆ. ನಂಬಿಕೆ ಹೋದ ಮನೆಯಲ್ಲಿ ಸಾಮಾನು ಇನ್ನೂ ಜಾಸ್ತಿ ಆಗುತ್ತದೆ.

ಹಳೇ ಸಾಮಾನು ಬಿಡಲು ಕಷ್ಟಪಡುವುದು ವಯಸ್ಸಾದವರ ಹಟ ಅಂದುಕೊಳ್ಳುವುದೂ ತಪ್ಪು. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿ. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕಾದರೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕಾದರೆ ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆ ಮಗ್ಗು ಅವರ ಕೈಗೆ ಬಂದು ಬಹಳ ಹೊತ್ತೂ ಆಗಿರಲಿಲ್ಲ. ಹಾಗಿರುವಾಗ ನಲವತ್ತು ವರ್ಷ ಜೊತೆಗಿದ್ದ ಗುಂಡಿ ಡಬ್ಬಿಯ ಮಾತೇನು?

ಅದಕ್ಕೇ ಒಂದು ನಿಯಮಕ್ಕೆ ಎಲ್ಲರೂ ಒಪ್ಪಿದರು. ಅವರವರ ಸಾಮಾನಿನ ತೀರ್ಮಾನ ಅವರವರದೇ, ಮಗನ ಮುರಿದ ಆಟಿಕೆಯದೂ ಸೇರಿ. ಆದರೆ ಜಾಗಕ್ಕೆ ಮಿತಿ ಇರುತ್ತದೆ. ಅಜ್ಜಿಗೆ ಅಟ್ಟದ ಬಲಭಾಗ, ಅಪ್ಪನ ವೈರುಗಳಿಗೆ ಒಂದು ಪೆಟ್ಟಿಗೆ, ಮಗಳ ಕರಕುಶಲ ಸಾಮಾನಿಗೆ ಒಂದು ಡ್ರಾಯರ್. ಅದರೊಳಗೆ ಏನು ಬೇಕಾದರೂ ಇಟ್ಟುಕೊಳ್ಳಿ, ಯಾರೂ ಕೇಳುವಂತಿಲ್ಲ. ಹೊರಗೆ ಚೆಲ್ಲಿದರೆ ಮಾತ್ರ ನೀವೇ ಆರಿಸಬೇಕು. ಇದನ್ನು ಎಸೆಯೋಣವೇ ಅಂತ ಕೇಳಿದಾಗ ಇಲ್ಲ ಅನ್ನುತ್ತಿದ್ದ ಅಜ್ಜಿ, ಇದರಲ್ಲಿ ಯಾವುದು ನಿಮಗೆ ಮುಖ್ಯ ಅಂದಾಗ ಒಂದು ಮಧ್ಯಾಹ್ನದಲ್ಲಿ ಮುಗಿಸಿದರು. ತಮ್ಮ ಭಾಗದಲ್ಲಿ ಸ್ವಲ್ಪ ಜಾಗ ಉಳಿಸಿಯೂ ಬಿಟ್ಟರು. ಅಪ್ಪನ ವೈರು ಪೆಟ್ಟಿಗೆಯ ಮುಚ್ಚಳ ಈಗಲೂ ಮುಚ್ಚುವುದಿಲ್ಲ. ಯಾವ ಯಂತ್ರದ್ದು ಅಂತ ಅವರಿಗೇ ಗೊತ್ತಿಲ್ಲದ ಚಾರ್ಜರುಗಳನ್ನು ಅವರು ಸಮರ್ಥಿಸಿಕೊಳ್ಳುವ ರೀತಿ ಕೇಳಲು ಮಜವಾಗಿರುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಸಾಮಾನು ಜಾಸ್ತಿ ಇರುವುದೇ ಬೇರೆ, ಸಾಮಾನು ಬಿಡಲು ಆಗದ ಕಾಯಿಲೆಯೇ ಬೇರೆ. ಅಮೆರಿಕದ ಮನೋವೈದ್ಯ ಸಂಘದ 2013ರ ಕೈಪಿಡಿ ಅದನ್ನು ಪ್ರತ್ಯೇಕ ಸಮಸ್ಯೆ ಅಂತಲೇ ಗುರುತಿಸಿದೆ. ಮಂಚದಲ್ಲಿ ಮಲಗಲು ಆಗದಷ್ಟು, ಒಲೆ ಹಚ್ಚಲು ಆಗದಷ್ಟು ರಾಶಿ ಬಿದ್ದಿದ್ದರೆ, ಒಂದು ಕಾಗದ ಬಿಡುವುದಕ್ಕೂ ವಿಪರೀತ ಸಂಕಟ ಆಗುತ್ತಿದ್ದರೆ ಕೊಕ್ಕೆ, ಟ್ರೇ ಸಾಲುವುದಿಲ್ಲ. ಮಾನಸಿಕ ಆರೋಗ್ಯ ತಜ್ಞರನ್ನು ಕಾಣಬೇಕು. ಈ ಮನೆಯಲ್ಲಿ ಆ ಲಕ್ಷಣ ಇರಲಿಲ್ಲ.

ಆಟಿಕೆ

ಮಗನ ಆಟಿಕೆಗಳಲ್ಲಿ ಮೂರನೇ ಎರಡು ಭಾಗವನ್ನು ಅವನ ಎದುರೇ ಒಂದು ಪೆಟ್ಟಿಗೆಗೆ ಹಾಕಿ ಮೇಲಿಟ್ಟೆವು. ಕೆಲವು ವಾರಕ್ಕೊಮ್ಮೆ ಅದಲು ಬದಲು. 2018ರಲ್ಲಿ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಪುಟ್ಟ ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಒಮ್ಮೆ 16 ಆಟಿಕೆಗಳ ಜೊತೆ ಬಿಟ್ಟು ನೋಡಿದ್ದರು. ಕಡಿಮೆ ಆಟಿಕೆ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಅವು ಇವನಿಗಿಂತ ತೀರಾ ಚಿಕ್ಕ ಮಕ್ಕಳು, ಆದರೂ ಇಲ್ಲೂ ಅಂಥದ್ದೇ ಕಂಡಿತು. ಮೇಲಿಂದ ಇಳಿದ ಹಳೇ ಆಟಿಕೆ ಅವನಿಗೆ ಹೊಸದೇ. ಬುಟ್ಟಿಯ ಮೇಲೆ ಅಕ್ಷರದ ಬದಲು ಚಿತ್ರ ಅಂಟಿಸಿದ್ದು ಮಗಳ ಉಪಾಯ. ಎತ್ತಿಡುವುದು ಅವನಿಗೆ ಸುಲಭವಾಯಿತು. ದಿನಾ ಎತ್ತಿಡುತ್ತಾನೆ ಅಂತ ಹೇಳಲಾರೆ.

ರಾತ್ರಿಯ ಹತ್ತು ನಿಮಿಷ

ಊಟದ ತಟ್ಟೆ ಎತ್ತಿದ ಕೂಡಲೇ ಫೋನಿನಲ್ಲಿ 10 ನಿಮಿಷದ ಟೈಮರ್. ಐವರೂ ಕೈ ಹಾಕುತ್ತಾರೆ. ಮೇಜು ಒಬ್ಬರದು, ಸೋಫಾ ಒಬ್ಬರದು, ಬಾಗಿಲ ಬಳಿಯ ತಟ್ಟೆ ಒಬ್ಬರದು. ಅಜ್ಜಿ ಕೂತಲ್ಲೇ ಬಟ್ಟೆ ಮಡಚುತ್ತಾರೆ. ಗಂಟೆ ಹೊಡೆದರೆ ನಿಲ್ಲಿಸಬೇಕು, ಉಳಿದಿದ್ದರೂ ಸರಿ. ಹೆಂಡತಿಗೆ ಈ ನಿಲ್ಲಿಸುವುದೇ ಕಷ್ಟವಾಯಿತು. ಆದರೆ ಗಂಟೆಯ ನಂತರವೂ ಅವರೊಬ್ಬರೇ ಮುಂದುವರಿಸಿದರೆ, ಇದು ಕೊನೆಗೂ ಅವರದೇ ಕೆಲಸ ಅಂತ ಉಳಿದವರು ಕಲಿಯುತ್ತಾರೆ. ಹೊತ್ತು ನಿಗದಿ ಮಾಡದೆ ಊಟವಾದ ಮೇಲೆ ಅಂತ ಕಟ್ಟಿದ್ದಕ್ಕೂ ಕಾರಣ ಇದೆ. ಒಂಬತ್ತು ಗಂಟೆ ಅಂದಿದ್ದರೆ ದಿನಾ ಒಬ್ಬರು ನೆನಪಿಸಬೇಕಿತ್ತು. ಊಟವನ್ನು ಯಾರೂ ನೆನಪಿಸಬೇಕಿಲ್ಲ.

ಮಗಳ ಪರೀಕ್ಷೆಯ ಹೊತ್ತಿಗೆ ಇದು ನಿಂತಿತು. ಅಜ್ಜಿಗೆ ಜ್ವರ ಬಂದಾಗ ಮತ್ತೆ ನಿಂತಿತು. ಮೇಜು ತುಂಬಿತು. "ನೋಡಿ, ಮತ್ತೆ ಅದೇ ಹಣೆಬರಹ" ಅಂತ ಫೋನ್ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಅಭ್ಯಾಸಗಳನ್ನು 12 ವಾರ ಗಮನಿಸಿದ್ದರು. ಒಂದು ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಸರಾಸರಿ 66 ದಿನ ಬೇಕೆಂದು ಅವರ ಲೆಕ್ಕ. ಜನರ ನಡುವೆ ವ್ಯತ್ಯಾಸ ಮಾತ್ರ ಅಗಾಧ, 18 ದಿನದಿಂದ 254 ದಿನದವರೆಗೆ (12 ವಾರ ಮೀರಿದ್ದು ಲೆಕ್ಕ ಹಾಕಿ ಅಂದಾಜಿಸಿದ್ದು). ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಕೆಡಲಿಲ್ಲ ಅಂತಲೂ ಅವರು ಕಂಡರು. ಇಲ್ಲಿ ತಪ್ಪಿದ್ದು ಒಂದು ದಿನವಲ್ಲ, ನಿಜ. ಆದರೆ ಈ ಸಲ ರಾಶಿಯಲ್ಲಿದ್ದ ಪ್ರತಿಯೊಂದಕ್ಕೂ ಹೋಗಲು ಒಂದು ಜಾಗ ಇತ್ತು. ಎರಡು ರಾತ್ರಿಯ ಟೈಮರಿನಲ್ಲಿ ಮೇಜು ಖಾಲಿ ಆಯಿತು. ಹಿಂದಿನ ಸಲ ಇಂಥದ್ದಕ್ಕೆ ಒಂದಿಡೀ ರಜೆ ಹೋಗಿತ್ತು.

ಒಳಗೆ ಬರುವುದು, ಹೊರಗೆ ಹೋಗುವುದು

ಒಂದು ಬಂದರೆ ಒಂದು ಹೋಗಬೇಕು ಅನ್ನುವ ನಿಯಮ ಬಟ್ಟೆ, ಚಪ್ಪಲಿಗೆ ನಡೆಯಿತು. ಬೇರೆ ಯಾವುದಕ್ಕೂ ನಡೆಯಲಿಲ್ಲ. ಒಂದು ಸ್ಕ್ರೂಡ್ರೈವರ್ ಬಂದರೆ ಯಾವುದನ್ನು ಕಳಿಸುವುದು ಅನ್ನುವುದೇ ಚರ್ಚೆ. ಅದನ್ನು ಬಿಟ್ಟು ಕೊಳ್ಳುವ ಮೊದಲೇ ಒಂದು ಪ್ರಶ್ನೆ ಇಟ್ಟುಕೊಂಡರು. ಇದು ಮನೆಯಲ್ಲಿ ಯಾವ ಜಾಗಕ್ಕೆ ಬರುತ್ತದೆ? ಎಲ್ಲೋ ಇಡೋಣ ಅಂದರೆ ಕೊಳ್ಳುವ ಹಾಗಿಲ್ಲ, ಜಾಗದ ಹೆಸರು ಹೇಳಬೇಕು. ಆನ್‌ಲೈನ್ ಬುಟ್ಟಿಯಲ್ಲಿ ಹಾಕಿದ್ದನ್ನು ಕೆಲವು ದಿನ ಹಾಗೇ ಬಿಟ್ಟು ನೋಡುವುದನ್ನೂ ರೂಢಿಸಿಕೊಂಡರು. ಅರ್ಧಕ್ಕರ್ಧ ತಾನಾಗಿ ಮರೆತುಹೋಗುತ್ತದೆ ಅಂತ ಹೆಂಡತಿ ನಗುತ್ತಾರೆ.

ಹೊರಗೆ ಕಳಿಸುವುದು ಇನ್ನೂ ಕುಂಟುತ್ತಿದೆ. ಕೊಡಬೇಕೆಂದು ಕಟ್ಟಿದ ಚೀಲ ಬಾಗಿಲ ಹಿಂದೆ ತಿಂಗಳುಗಟ್ಟಲೆ ಕೂತಿರುತ್ತಿತ್ತು. ಈಗ ಚೀಲದ ಮೇಲೆ ತಾರೀಖು ಮತ್ತು ಕೊಂಡೊಯ್ಯುವವರ ಹೆಸರು ಬರೆಯುತ್ತಾರೆ. ಹರಿದದ್ದು, ಕೆಟ್ಟದ್ದು ಅದಕ್ಕೆ ಹಾಕಬಾರದು. ನಮಗೆ ಬೇಡವಾದ ಕಸವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ದಾನವಲ್ಲ. ಹಳೇ ಫೋನು, ಬ್ಯಾಟರಿಗಳಿಗೆ ಬೇರೆ ಡಬ್ಬ. ಲಿಥಿಯಂ ಬ್ಯಾಟರಿ ಜಜ್ಜಿದರೆ ಅಥವಾ ಶಾರ್ಟ್ ಆದರೆ ಬೆಂಕಿ ಹತ್ತಬಹುದು, ಆದ್ದರಿಂದ ಅದರ ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವ ಕಡೆಗೇ ಕೊಡಬೇಕು. ಉಬ್ಬಿದ್ದನ್ನಂತೂ ಮನೆಯಲ್ಲಿ ಇಟ್ಟುಕೊಳ್ಳಲೇಬಾರದು. ಅವಧಿ ಮೀರಿದ ಔಷಧಿಯನ್ನು ವಾಪಸ್ ಪಡೆಯುವ ವ್ಯವಸ್ಥೆ ಇದ್ದರೆ ಅಲ್ಲಿಗೇ ಕೊಡುವುದು ಸರಿ.

ಈಗ

ಸುಮಾರು ಅರ್ಧ ವರ್ಷ ಆಗಿದೆ. ಹೊಸ ಕಪಾಟು ಮಾಡಿಸಲಿಲ್ಲ. ಹಳೇ ಕಪಾಟಿನಲ್ಲೇ ಒಂದು ಹಲಗೆ ಖಾಲಿ ಇದೆ. ಅದನ್ನು ತುಂಬದೆ ಬಿಡುವುದಕ್ಕೆ ನಾನು ಒತ್ತಾಯ ಮಾಡಬೇಕಾಯಿತು. ನೆಂಟರು ಬಂದಾಗ, ಹೊಸದೇನಾದರೂ ಬಂದಾಗ ಬೇಕಾಗುವ ಜಾಗ ಅದು. ಮೇಜಿನ ಮೇಲೆ ಹಗಲಲ್ಲಿ ಈಗಲೂ ಸಾಮಾನು ಇರುತ್ತದೆ. ಐದು ಜನ ಬಾಳುವ ಮನೆಯಲ್ಲಿ ಇರಬೇಕಾದದ್ದೇ. ಗಂಡ ಹೆಂಡತಿಯ ಜಗಳ ನಿಂತಿಲ್ಲ, ವಿಷಯ ಮಾತ್ರ ವೈರು ಪೆಟ್ಟಿಗೆಗೆ ಇಳಿದಿದೆ.

ಅಟ್ಟದ ಎಡಭಾಗ ಬಾಕಿ ಇದೆ. ಅಲ್ಲಿ ಕಾಲೇಜಿನ ನೋಟ್ಸು, ತೊಟ್ಟಿಲ ಬಟ್ಟೆ, ಬಿಚ್ಚದ ಉಡುಗೊರೆಗಳು. ನೆನಪಿನ ಸಾಮಾನನ್ನು ಕೊನೆಗೆ ಇಟ್ಟುಕೊಂಡದ್ದು ಬೇಕಂತಲೇ, ಆಲ್ಬಮ್ ಸಿಕ್ಕ ದಿನ ಏನಾಯಿತು ಅಂತ ಅವರಿಗೆ ಗೊತ್ತು. ಮುಂದಿನ ತಿಂಗಳಿಂದ ವಾರಕ್ಕೊಂದೇ ಪೆಟ್ಟಿಗೆ ಇಳಿಸುವುದು, ಅದು ಮುಗಿಯದೆ ಇನ್ನೊಂದನ್ನು ಮುಟ್ಟದಿರುವುದು ಅಂತ ಮಾತಾಗಿದೆ. ಮೊದಲ ಪೆಟ್ಟಿಗೆ ಯಾವುದು ಅಂತ ಆರಿಸುವ ಕೆಲಸ ಅಜ್ಜಿಗೆ.